ಹದಿನಾರರ ಪತ್ರಾ, ಐದರ ಪ್ಲೇಟು

ಲಾರಿಯ ತಳವನ್ನು ಸುತ್ತಿಗೆಯಿಂದ ಬಡಿದರೆ ಮೂರು ನಮೂನೆಯ ಸದ್ದು ಬರುತ್ತದೆ. ತಗಡು ಗಟ್ಟಿ ಇದ್ದಲ್ಲಿ ‘ಟಣ್’ ಅಂದು ಸುತ್ತಿಗೆ ಮೇಲಕ್ಕೆ ಚಿಮ್ಮುತ್ತದೆ. ಒಳಗಿಂದೊಳಗೆ ತಿಂದು ಹೋಗಿದ್ದಲ್ಲಿ ‘ದಬ್’ ಅನ್ನುತ್ತದೆ, ಸುತ್ತಿಗೆ ಬಿದ್ದಲ್ಲೇ ಕೂತುಬಿಡುತ್ತದೆ. ಮೂರನೆಯದಕ್ಕೆ ಸದ್ದೇ ಇಲ್ಲ. ಸುತ್ತಿಗೆ ಸೀದಾ ಆಚೆ ತೂರಿ ಹೋಗುತ್ತದೆ, ಗಾಡಿಯ ಕೆಳಗೆ ಅಂಗಾತ ಮಲಗಿದವನ ಕಣ್ಣಿಗೆ ಕೆಂಪು ಪುಡಿ ಉದುರುತ್ತದೆ.

1982ರ ಮಳೆಗಾಲದಲ್ಲಿ ಹಾಗೆ ಅಂಗಾತ ಮಲಗಿದ್ದವನು ನಾನು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಗಣಿತಕ್ಕೆ ಬಿದ್ದಿದ್ದೆ. ಮೂರನೆಯ ಸಲ ಕೂಡುವ ಮಾತೇ ಬೇಡವೆಂದು ಅಪ್ಪ ನನ್ನನ್ನು ಬೆಳಗಾವಿಯ ಗಾಂಧಿನಗರದಲ್ಲಿದ್ದ ಸೋದರಮಾವನ ಗ್ಯಾರೇಜಿಗೆ ತಂದು ಬಿಟ್ಟ. ಪುಣೆ-ಬೆಂಗಳೂರು ರಸ್ತೆಯ ಮಗ್ಗುಲಲ್ಲಿ ನಾಲ್ಕು ಕಂಬ, ಮೇಲೆ ತಗಡು, ಮುಂದೆ ಕೆಸರಿನ ಬಯಲು. ಮಾಮಾ ಗಿರಾಕಿ ಮತ್ತು ರೊಕ್ಕ ನೋಡಿಕೊಳ್ಳುತ್ತಿದ್ದ. ಕೆಲಸವೆಲ್ಲ ಒಬ್ಬ ಮುದಿ ಮಿಸ್ತ್ರಿಯ ಕೈಯಲ್ಲಿತ್ತು. ನಾವು ಹುಡುಗರೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದೆವು. ಅವರ ಮನೆಮಾತು ಉರ್ದು, ಗಿರಾಕಿಗಳ ಜೋಡಿ ಮರಾಠಿ, ನಮ್ಮ ಜೋಡಿ ಕನ್ನಡ, ಬೈಗುಳ ಮೂರರಲ್ಲೂ. ಬೆಳಗಾವಿಯ ಗ್ಯಾರೇಜುಗಳಲ್ಲಿ ತಗಡಿಗೆ ತಗಡು ಅನ್ನುವವರು ಕಡಿಮೆ, ಅದು ‘ಪತ್ರಾ’. ತುಕ್ಕು ಅನ್ನುವ ಶಬ್ದವನ್ನು ನಾನು ಪುಸ್ತಕದಲ್ಲಷ್ಟೇ ಓದಿದ್ದೆ. ಗ್ಯಾರೇಜಿನಲ್ಲಿ ಅದು ‘ಜಂಗ್’.

“ಟಣ್ ಅಂದಲ್ಲಿ ಬಿಡು, ದಬ್ ಅಂದಲ್ಲಿ ಗೆರಿ ಹೊಡಿ” ಎಂದು ಕಾಕಾ ಕೈಯಲ್ಲಿ ಸೀಮೆಸುಣ್ಣ ಕೊಟ್ಟರು. ಕಣ್ಣಿಗೆ ಕಂಡ ತೂತಿನ ಸುತ್ತ ಗೆರೆ ಎಳೆದು ಎದ್ದು ಬಂದೆ. ಅವರು ಬಗ್ಗಿ ನೋಡಿದರು, ನನ್ನ ಗೆರೆಯನ್ನು ಅಂಗೈಯಿಂದ ಒರೆಸಿ ಹಾಕಿದರು. “ಜಂಗ್ ಕಾಣೂದು ಗೇಣು ಇದ್ರ, ಇರೂದು ಮೊಳ ಇರ್ತೈತಿ ತಮ್ಮಾ. ಟಣ್ ಅನ್ನೂತನಕ ಬಡಕೊಂತ ಹೋಗು. ಟಣ್ ಅಂದಮ್ಯಾಲ ಇನ್ನೂ ನಾಕ ಬೆರಳು ಹೋಗು. ಅಲ್ಲೆ ಗೆರಿ.” ಅವತ್ತು ಅಂಗೈಯಗಲದ ತೂತಿಗೆ ನಾನು ಕೊನೆಗೆ ಎಳೆದ ಗೆರೆ ಊಟದ ತಟ್ಟೆಗಿಂತ ದೊಡ್ಡದಾಗಿತ್ತು.

ಗೆರೆಯ ಕೆಲಸ ಕಲಿತ ಮೇಲೆ ಪತ್ರಾ ತರುವ ಕೆಲಸ. ಪೇಟೆಗೆ ಹೋಗಿ ಹದಿನಾರು ಗೇಜಿನದು ತಾ ಅಂದರು. ಅಂಗಡಿಯಲ್ಲಿ ಹದಿನಾರು ಇರಲಿಲ್ಲ, ಹದಿನೆಂಟು ಇತ್ತು. ಎರಡು ಹೆಚ್ಚೇ ಆಯಿತಲ್ಲ, ಇನ್ನೂ ಗಟ್ಟಿ ಬಂತು ಅಂದುಕೊಂಡು ಕೈಗಾಡಿಯಲ್ಲಿ ಹಾಕಿಸಿಕೊಂಡು ಬಂದೆ. ಗಣಿತಕ್ಕೆ ಬಿದ್ದ ಹುಡುಗನನ್ನು ಆಡಿಕೊಳ್ಳಲು ಇಡೀ ಗ್ಯಾರೇಜಿಗೆ ಅದೊಂದು ವಾರಕ್ಕೆ ಸಾಕಾಯಿತು. ಗೇಜಿನ ಲೆಕ್ಕ ತಿರುಗಾಮುರುಗಾ ಎಂದು ನನಗೆ ಯಾರು ಹೇಳಿದ್ದರು? ನಂಬರು ಏರಿದಂತೆ ತಗಡು ತೆಳುವಾಗುತ್ತದೆ. ತಂತಿಯನ್ನು ತೂತಿನಿಂದ ತೂತಿಗೆ ಎಳೆದು ಸಣ್ಣ ಮಾಡುವ ಬ್ರಿಟಿಷರ ಕಾಲದ ಲೆಕ್ಕ ಅದು. ಹೆಚ್ಚು ಸಲ ಎಳೆದಷ್ಟು ತಂತಿ ಸಪೂರ, ನಂಬರು ದೊಡ್ಡದು. ಹತ್ತು ಗೇಜು ಅಂದರೆ 3.25 ಮಿಲಿಮೀಟರು, ಹನ್ನೆರಡು 2.64, ಹದಿನಾಲ್ಕು 2.03, ಹದಿನಾರು 1.63, ಹದಿನೆಂಟು 1.22. ದೇಶದಲ್ಲಿ ಮೆಟ್ರಿಕ್ ಕಾಯ್ದೆ 1956ರಲ್ಲೇ ಬಂದಿತ್ತಾದರೂ ಗಾಂಧಿನಗರಕ್ಕೆ ಅದು ಇನ್ನೂ ಬಂದು ಮುಟ್ಟಿರಲಿಲ್ಲ. ತೆಳುವಿಗೆ ಗೇಜು, ದಪ್ಪಕ್ಕೆ ಸೂತು. ಒಂದು ಸೂತು ಅಂದರೆ ಇಂಚಿನ ಎಂಟನೆಯ ಪಾಲು, ಎರಡು ಸೂತು ಕಾಲಿಂಚು. ಕಾಕಾನ ಕಿಸೆಯಲ್ಲಿ ಸುತ್ತಲೂ ಸೀಳು ಕೊರೆದ ಗೇಜಿನ ಬಿಲ್ಲೆಯೊಂದು ಇರುತ್ತಿತ್ತು. ಅದನ್ನು ಅವರು ತೆಗೆಯುತ್ತಿದ್ದದ್ದು ಅಂಗಡಿಯವನ ಎದುರಿಗೆ ಮಾತ್ರ. ಗ್ಯಾರೇಜಿನಲ್ಲಿ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿದರೆ ಮುಗಿಯಿತು.

ಹದಿನಾರರ ಪತ್ರಾ ಲಾರಿಯ ತಳಕ್ಕೆ ಸಾಕಾಗುತ್ತಿತ್ತೇ ಎಂದು ಈಗಿನ ಹುಡುಗರು ಕೇಳುತ್ತಾರೆ. ಸಾಕಾಗುತ್ತಿತ್ತು, ಯಾಕೆಂದರೆ ಭಾರ ಹೊರುತ್ತಿದ್ದುದು ಪತ್ರಾ ಅಲ್ಲ, ಕಟ್ಟಿಗೆ. ಟಾಟಾ 1210 ಇರಲಿ, ಲೇಲ್ಯಾಂಡ್ ಕಾಮೆಟ್ ಇರಲಿ, ಕಂಪನಿಯಿಂದ ಬರುತ್ತಿದ್ದುದು ಚಾಸಿ, ಎಂಜಿನು, ಮುಂದಿನ ಮೂತಿ ಅಷ್ಟೆ. ಕ್ಯಾಬಿನ್ನು, ಹಿಂದಿನ ಬಾಡಿ ಎಲ್ಲ ಊರೂರಲ್ಲಿ ಕಟ್ಟುವವರ ಕೈಚಳಕ. ಚಾಸಿಯ ಮೇಲೆ ಉದ್ದಕ್ಕೆ ಎರಡು ರನ್ನರು, ಅದರ ಮೇಲೆ ಅಡ್ಡಡ್ಡ ಕ್ರಾಸು, ಕ್ರಾಸಿನ ಮೇಲೆ ಹಲಗೆ. ಮತ್ತಿ, ಜಂಬೆ, ಕಿಂದಳ. ಖಾನಾಪುರದ ಕಾಡಿನ ಮರ, ಖಾನಾಪುರದ ಕಡೆಯ ಗರಗಸದ ಮಿಲ್ಲುಗಳಲ್ಲಿ ಸೀಳಿದ್ದು. ಒಂದೂವರೆ ಇಂಚು ದಪ್ಪದ ಜಂಬೆಯ ಹಲಗೆಗೆ ಮೊಳೆ ಹೊಡೆಯಬೇಕಾದರೆ ಮೊದಲು ಬೈರಿಗೆ ಹಾಕಬೇಕಿತ್ತು, ಇಲ್ಲವಾದರೆ ಮೊಳೆಯೇ ಡೊಂಕಾಗುತ್ತಿತ್ತು. ಆ ಹಲಗೆಯ ಮೇಲೆ ಪತ್ರಾ ಹೊದಿಸುವುದು ಚೀಲ ಎಳೆದಾಡುವಾಗ ಸಿಬಿರು ಏಳಬಾರದು, ಸಲಿಕೆ ಹಾಕಿದರೆ ಕಟ್ಟಿಗೆ ಕೀಳಬಾರದು ಎಂದು ಮಾತ್ರ. ಚಪ್ಪಲಿಗೆ ಅಟ್ಟೆ ಬಡಿದ ಹಾಗೆ. ಅದಕ್ಕೆ ಹದಿನಾರು ಹೆಚ್ಚೇ ಆಯಿತು. ಬಡಪಾಯಿ ಮಾಲಕರು ಹದಿನೆಂಟು ಹಾಕಿಸುತ್ತಿದ್ದರು. ಅದಕ್ಕಿಂತ ಬಡವರು ಎಣ್ಣೆಯ ಬ್ಯಾರಲ್ ಸೀಳಿ ಬಡಿದು ಚಪ್ಪಟೆ ಮಾಡಿಸುತ್ತಿದ್ದರು. 200 ಲೀಟರಿನ ಒಂದು ಬ್ಯಾರಲ್ಲಿನಿಂದ ಸುಮಾರು ಆರಡಿ ಉದ್ದ, ಮೂರಡಿಗೆ ತುಸು ಕಡಿಮೆ ಅಗಲದ ತಗಡು ಸಿಗುತ್ತದೆ. ಡಾಂಬರಿನ ಡ್ರಮ್ಮನ್ನು ಮಾತ್ರ ಕಾಕಾ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಅದು ತೀರ ತೆಳು.

ಈ ಕಟ್ಟಿಗೆ-ಪತ್ರಾ ಸಂಸಾರದಲ್ಲಿ ಒಂದೇ ಕುಂದು. ಮೊಳೆಯ ತೂತಿನಿಂದ ಇಳಿದ ನೀರು ಇಬ್ಬರ ನಡುವೆ ಸಿಕ್ಕಿಬಿದ್ದರೆ ಎತ್ತಲೂ ಹೋಗುವುದಿಲ್ಲ. ಹಲಗೆ ನೀರು ಕುಡಿದು ಇಟ್ಟುಕೊಳ್ಳುತ್ತದೆ, ಪತ್ರಾ ಅಡಿಯಿಂದ ಜಂಗು ಹಿಡಿಯುತ್ತದೆ. ಮೇಲೆ ನೋಡಿದರೆ ಬೆಳ್ಳಿಯ ಹಾಗೆ ತಿಕ್ಕಿ ತಿಕ್ಕಿ ಹೊಳೆಯುತ್ತಿರುತ್ತದೆ. ಆದ್ದರಿಂದಲೇ ಬಡಿದು ನೋಡುವುದು.

ತೇಪೆಗೆ ಎಷ್ಟು ದಪ್ಪದ್ದು ಹಾಕಬೇಕು ಎಂದು ನಾನು ಕಲಿತದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿ ನಾಲ್ಕನೆಯ ವರ್ಷ. ಕಾಕಾ ಊರಲ್ಲಿಲ್ಲದ ದಿನ ಒಂದು ಹಳೆಯ 1210 ಬಂತು. ಕ್ಲಚ್ಚಿನ ಪೆಡಲಿನ ಅಡಿಯಲ್ಲಿ ಕ್ಯಾಬಿನ್ ತಳ ತೂತು ಬಿದ್ದು, ಡ್ರೈವರನ ಕಾಲಿಗೆ ರಸ್ತೆಯ ನೀರು ಚಿಮ್ಮುತ್ತಿತ್ತು. ಸುತ್ತಲಿನ ಹಳೆಯ ಪತ್ರಾ ಹದಿನೆಂಟರದು, ತಿಕ್ಕಿ ಸವೆದು ಇಪ್ಪತ್ತಕ್ಕೆ ಇಳಿದಿತ್ತೇನೋ. ನನ್ನ ಕೈಗೆ ಸಿಕ್ಕದ್ದು ಹತ್ತು ಗೇಜಿನ ತುಂಡು. ಮತ್ತೆ ಈ ಗಾಡಿ ಈ ಜನ್ಮದಲ್ಲಿ ತೂತು ಬೀಳಬಾರದು ಎಂಬ ಹುರುಪಿನಲ್ಲಿ ಚೌಕ ಕತ್ತರಿಸಿ ಹತ್ತು ನಂಬರಿನ ರಾಡಿನಿಂದ ಸುತ್ತ ಗಚ್ಚಿ ವೆಲ್ಡಿಂಗ್ ಮಾಡಿದೆ. ಹಳೆಯ ಪತ್ರಾ ಅಲ್ಲಲ್ಲಿ ಕರಗಿ ತೂತಾಯಿತು, ಅದನ್ನೂ ರಾಡಿನಿಂದಲೇ ತುಂಬಿದೆ. ಡ್ರೈವರಣ್ಣ ಚಹಾ ಕುಡಿಸಿ ಹೋದ. ಮೂರು ತಿಂಗಳಿಗೆ ತಿರುಗಿ ಬಂದ. ನನ್ನ ತೇಪೆ ಹೊಸ ರೂಪಾಯಿಯ ಹಾಗೆ ಇತ್ತು. ಅದರ ಅಂಚಿನ ಗುಂಟ ಹಳೆಯ ಪತ್ರಾ ಮೂರೂ ಬದಿ ಹರಿದು, ತೇಪೆಯೇ ಒಂದು ಬದಿಗೆ ಬಾಗಿಲಿನ ಹಾಗೆ ತೂಗುತ್ತಿತ್ತು. ಪೆಡಲ್ ತುಳಿದರೆ ಬಾಗಿಲು ತೆರೆಯುತ್ತಿತ್ತು.

ಕಾಕಾ ಬೈಯಲಿಲ್ಲ. ಹರಿದ ಕಡೆ ಬೆರಳಾಡಿಸಿ, “ಹಳೇ ಧೋತರಕ್ಕ ಚಾದರದ ತ್ಯಾಪಿ ಹಚ್ಚಿಯಲ್ಲೋ” ಅಂದರು. ಕ್ಯಾಬಿನ್ನು ಹಾದಿಯ ಮೇಲೆ ಸದಾ ತಿರುಚುತ್ತಿರುತ್ತದೆ. ತೆಳು ಪತ್ರಾ ಆ ತಿರುಚನ್ನು ತನ್ನ ಮೈಯುದ್ದಕ್ಕೂ ಹಂಚಿಕೊಂಡು ಬಾಗುತ್ತದೆ. ನಡುವೆ ಬಾಗದ ತುಂಡೊಂದು ಕೂತರೆ ಬಾಗುವುದೆಲ್ಲ ಅದರ ಅಂಚಿಗೆ ಬಂದು ಸೇರುತ್ತದೆ. ಅಂಚಿನಲ್ಲಿ ಮೊದಲೇ ವೆಲ್ಡಿಂಗಿನ ಶಾಖ ತಿಂದು ಸೊರಗಿದ ಲೋಹ. ಹರಿಯದೆ ಏನು ಮಾಡೀತು? ಹೊಸ ಪತ್ರಾದ ದಪ್ಪವನ್ನು ಹಳೆಯ ಪತ್ರಾವನ್ನೇ ಕೇಳಬೇಕು. ಅದು ಹದಿನೆಂಟು ಅಂದರೆ ನೀನು ಹದಿನೆಂಟು, ಬಹಳ ಆದರೆ ಹದಿನಾರು. ಅದಕ್ಕೂ ಮೇಲೆ ಗಟ್ಟಿ ಬೇಕಾದರೆ ಅಡಿಯಲ್ಲಿ ಪಟ್ಟಿ ಕೊಡು, ಪತ್ರಾ ದಪ್ಪ ಮಾಡಬೇಡ. ಅವತ್ತೇ ಕಲಿಸಿದ ಇನ್ನೊಂದು ಪಾಠ ಮೂಲೆಯದು. ಚೌಕ ತೇಪೆಯ ಚೂಪು ಮೂಲೆಯಿಂದಲೇ ಬಿರುಕು ಹೊರಡುತ್ತದೆ. ಚಹಾದ ಬಸಿಯನ್ನು ಮೂಲೆಗೆ ಬೋರಲು ಇಟ್ಟು ಅದರ ಗುಂಟ ಗೆರೆ ಎಳೆದು ದುಂಡಗೆ ಕತ್ತರಿಸಿದರು. ಇವತ್ತಿಗೂ ನನ್ನ ಶೆಡ್ಡಿನಲ್ಲಿ ಕಪ್ಪಿಲ್ಲದ ಬಸಿ ಎರಡಿವೆ.

ತೆಳು ಪತ್ರಾಕ್ಕೆ ಕರೆಂಟಿನ ವೆಲ್ಡಿಂಗಿಗಿಂತ ಆಗ ಗ್ಯಾಸೇ ಲೇಸು ಅನ್ನುತ್ತಿದ್ದರು. ಡಬ್ಬಿಯಲ್ಲಿ ಕಾರ್ಬೈಡ್ ಹರಳು, ಮೇಲೆ ನೀರು. ಬೆಳ್ಳುಳ್ಳಿ ಕೊಳೆತಂಥ ಆ ನಾತವನ್ನು ಮೂಗು ಇಂದಿಗೂ ಮರೆತಿಲ್ಲ. ಕೊನೆಗೆ ಉಳಿದ ಬಿಳಿ ಕೆಸರು ಸುಣ್ಣವೇ. ಗಾಂಧಿನಗರದ ಎಷ್ಟೋ ಮನೆಯ ಗೋಡೆಗಳು ದೀಪಾವಳಿಗೆ ನಮ್ಮ ಗ್ಯಾಸಿನ ಡಬ್ಬಿಯ ಸುಣ್ಣ ಬಳಿದುಕೊಂಡಿವೆ.

1990ರ ಹೊತ್ತಿಗೆ ಮಾಮಾ ತೀರಿಕೊಂಡಿದ್ದ, ಗ್ಯಾರೇಜು ಅವನ ಮಕ್ಕಳ ಪಾಲಾಯಿತು. ನಾನು ನನ್ನ ಊರ ಕಡೆಗೆ, ಖಾನಾಪುರಕ್ಕೆ ಬಂದೆ. ಬೆಳಗಾವಿಯಿಂದ 26 ಕಿಲೋಮೀಟರು. ಉದ್ಯಮಬಾಗ, ಪೀರನವಾಡಿ, ಮಚ್ಛೆ, ದೇಸೂರು ದಾಟಿದರೆ ಮಳೆಯ ಬಣ್ಣವೇ ಬೇರೆ. ಬೆಳಗಾವಿಯಲ್ಲಿ ಮಳೆ ಬಂದು ಹೋಗುತ್ತದೆ, ಖಾನಾಪುರದಲ್ಲಿ ಬಂದು ಕೂಡುತ್ತದೆ. ಜಾಂಬೋಟಿ, ಕಣಕುಂಬಿಯ ಕಡೆಯಂತೂ ಜೂನಿನಲ್ಲಿ ಮುಚ್ಚಿದ ಆಕಾಶ ಸೆಪ್ಟೆಂಬರಿನ ತನಕ ತೆರೆಯುವುದಿಲ್ಲ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರಕ್ಕೆ ಬರುವಷ್ಟರಲ್ಲಿ ದೊಡ್ಡ ಹೊಳೆಯೇ ಆಗಿರುತ್ತದೆ. ಲೋಂಡಾದ ಕಡೆ ಹೋಗುವ ರಸ್ತೆಗೆ ಶೆಡ್ಡು ಹಾಕಿದೆ. ಮೊದಲ ಮಳೆಗಾಲದಲ್ಲೇ ತಿಳಿಯಿತು, ಗಾಂಧಿನಗರದ ಲೆಕ್ಕ ಇಲ್ಲಿ ನಡೆಯುವುದಿಲ್ಲ ಎಂದು. ಅಲ್ಲಿ ಆರು ವರ್ಷ ಬಾಳುವ ಹದಿನಾರರ ಪತ್ರಾ ಇಲ್ಲಿ ಮೂರಕ್ಕೆ ‘ದಬ್’ ಅನ್ನುತ್ತಿತ್ತು.

ಇಲ್ಲಿ ಗಾಡಿ ಏನು ಹೇರುತ್ತದೆ ಎಂದು ಮೊದಲು ಕೇಳಬೇಕು. ಹೆಂಚಿನ ಲಾರಿ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಖಾನಾಪುರದ ಮಣ್ಣು ಹೆಂಚಿಗೆ, ಗಡಿಗೆಗೆ ಹೇಳಿ ಮಾಡಿಸಿದ್ದು. ಕುಂಬಾರಿಕೆ ಕಲಿಸಲು ಖಾದಿ ಆಯೋಗದ ಕೇಂದ್ರವೇ ಇಲ್ಲಿದೆ. ಹೆಂಚಿನ ಕಾರ್ಖಾನೆಗಳ ಲಾರಿಗಳು ಹುಲ್ಲು ಹಾಸಿ, ಹೆಂಚನ್ನು ನಿಲ್ಲಿಸಿ, ಸಾಲಿಗೆ ಸಾಲು ಒತ್ತಿ ಹೇರುತ್ತಿದ್ದವು. ಹೆಂಚು ತಳವನ್ನು ಕೆರೆಯುವುದಿಲ್ಲ, ಬಡಿಯುವುದಿಲ್ಲ. ಆದರೆ ತಳ ಎರಡು ಕ್ರಾಸುಗಳ ನಡುವೆ ಅರ್ಧ ಇಂಚು ಕುಸಿದರೆ ಸಾಲು ಸಡಿಲವಾಗಿ, ಬೆಳಗಾವಿ ಮುಟ್ಟುವಷ್ಟರಲ್ಲಿ ನಡುವಿನ ಹೆಂಚುಗಳು ಸೀಳುತ್ತವೆ. ಅದಕ್ಕೆ ಬೇಕಾದದ್ದು ಸವೆಯದ ಪತ್ರಾ ಅಲ್ಲ, ಬಾಗದ ತಳ. ಬಾಕ್ಸೈಟಿನ ಗಾಡಿಯದು ಇದಕ್ಕೆ ತದ್ವಿರುದ್ಧ. ಕೊಲ್ಹಾಪುರ ಜಿಲ್ಲೆಯ ಗುಡ್ಡಗಳಿಂದ ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಗೆ ಕಲ್ಲು ಹೇರುವ ಗಾಡಿಗಳ ತಳ ಜಂಗಿಗಿಂತ ಮೊದಲು ಸವೆತಕ್ಕೆ ಸಾಯುತ್ತಿತ್ತು. ಅಲ್ಲಿ ದಪ್ಪಕ್ಕೆ ದಪ್ಪವೇ ಮದ್ದು.

ಮೀನಿನ ಗಾಡಿಗೆ ಯಾವ ದಪ್ಪವೂ ಮದ್ದಲ್ಲ. ಗೋವಾದಿಂದ, ಕಾರವಾರದಿಂದ ಬರ್ಫಿನಲ್ಲಿ ಮೀನು ಬರುತ್ತದೆ. ಕರಗಿದ ನೀರು, ಮೀನಿನ ಉಪ್ಪು ಸೇರಿ ತಳದ ಸಂದಿಗೊಂದಿಗೆಲ್ಲ ಇಳಿಯುತ್ತದೆ. ಮಾಲಕನೊಬ್ಬ ಹತ್ತು ಗೇಜು ಹಾಕು ಎಂದು ಹಟ ಹಿಡಿದ. ಹಾಕಿದೆ. ಎರಡನೆಯ ವರ್ಷ ಚೀಲದ ಹಾಗೆ ಪದರು ಪದರಾಗಿ ಎದ್ದಿತು. ಆಮೇಲೆ ಬುದ್ಧಿ ಬಂದು ಹದಿನಾಲ್ಕರ ಪತ್ರಾ ಹಾಕಿ, ತಳವನ್ನು ಹಿಂದಕ್ಕೆ ತುಸು ಇಳಿಜಾರು ಮಾಡಿ, ಮೂಲೆಗಳಲ್ಲಿ ರೂಪಾಯಿಯಗಲ ನಾಲ್ಕು ತೂತು ಬಿಟ್ಟು, ಅಡಿಯಲ್ಲಿ ರೆಡ್ ಆಕ್ಸೈಡ್ ಮೇಲೆ ಡಾಂಬರು ಬಳಿದು ಕಳಿಸಿದೆ. ನೀರು ನಿಲ್ಲದ್ದರಿಂದ ಹದಿನಾಲ್ಕು ಹತ್ತಕ್ಕಿಂತ ಹೆಚ್ಚು ಬಾಳಿತು. ಒಮ್ಮೆ ಸತು ಹಚ್ಚಿದ ತಗಡನ್ನು ವೆಲ್ಡಿಂಗ್ ಮಾಡಲು ಹೋಗಿ ಬಿಳಿ ಹೊಗೆ ಕುಡಿದು, ಸಂಜೆ ಮಲೇರಿಯಾದ ಹಾಗೆ ನಡುಗಿದ್ದೂ ಉಂಟು. ಬೆಲ್ಲ ತಿಂದು ಹಾಲು ಕುಡಿ ಎಂದು ಎಲ್ಲರೂ ಹೇಳುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಗಾಳಿಗೆ ಬೆನ್ನು ಕೊಟ್ಟು ಕೂತು ಕೆಲಸ ಮಾಡಿದರೆ ಆಗುತ್ತದೆ.

ಹೆಂಚಿನ ಲಾರಿಯ ಕುಸಿತದ ಲೆಕ್ಕವನ್ನು ಬಿಡಿಸಿ ಹೇಳಿದವನು ನನ್ನ ತಂಗಿಯ ಮಗ. ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ, ರಜೆಗೆ ಬಂದಾಗ ಶೆಡ್ಡಿನಲ್ಲಿ ಕೂಡುತ್ತಿದ್ದ. “ಮಾಮಾ, ಬಗ್ಗೂದು ದಪ್ಪದ ಘನದ ಮ್ಯಾಲ ಐತಿ” ಅಂದ. ನಮ್ಮ ಗ್ಯಾರೇಜಿನಲ್ಲಿ ಘಣ ಅಂದರೆ ಎರಡು ಕೈಯಿಂದ ಎತ್ತುವ ದೊಡ್ಡ ಸುತ್ತಿಗೆ. ಅದನ್ನು ಯಾಕೆ ಪತ್ರಾದ ಮೇಲೆ ಇಡುತ್ತಾನೆ ಎಂದು ನಾನು ನೋಡಿದೆ. ಅವನು ಹೇಳಿದ್ದು ಗಣಿತದ ಘನ. ಎರಡು ಮಿಲಿಮೀಟರಿನದನ್ನು ಮೂರು ಮಾಡಿದರೆ ತೂಕ ಒಂದೂವರೆ ಪಟ್ಟು ಆಗುತ್ತದೆ, ಬಾಗದೆ ನಿಲ್ಲುವ ತಾಕತ್ತು ಮೂರು ಪಟ್ಟಿಗೂ ಮೇಲಾಗುತ್ತದೆ. ಅದೇ ಲೆಕ್ಕ ಕ್ರಾಸಿನ ನಡುವಿನ ಅಂತರಕ್ಕೂ ಇದೆ, ಉಲ್ಟಾ. ಅಂತರ ಅರ್ಧ ಮಾಡಿದರೆ ಅದೇ ಪತ್ರಾ ನಡುವೆ ಇಟ್ಟ ಅದೇ ಭಾರಕ್ಕೆ ಎಂಟನೆಯ ಒಂದು ಪಾಲಷ್ಟೇ ಬಾಗುತ್ತದೆ. ಕಾಕಾ ‘ಅಡಿಯಲ್ಲಿ ಪಟ್ಟಿ ಕೊಡು’ ಎಂದದ್ದು ಇದನ್ನೇ. ಕೂತು ತೂಕ ಹಾಕಿ ನೋಡಿದೆವು. 17 ಅಡಿ ಉದ್ದ, 7 ಅಡಿ ಅಗಲದ ತಳಕ್ಕೆ ಒಂದೊಂದು ಮಿಲಿಮೀಟರು ದಪ್ಪ ಏರಿಸಿದಾಗಲೂ ಸುಮಾರು 87 ಕಿಲೊ ಕಬ್ಬಿಣ ಕೂಡುತ್ತದೆ. ಅದರ ಬದಲು 40-40-5ರ ಆ್ಯಂಗಲ್ ಐದು ಅಡ್ಡ ಕೊಟ್ಟರೆ 32 ಕಿಲೊ. ಹೆಂಚಿನ ಗಾಡಿಗಳಿಗೆ ಅಂದಿನಿಂದ ಐದು ಆ್ಯಂಗಲ್ಲು ಹೆಚ್ಚಿಗೆ, ಪತ್ರಾ ಇದ್ದದ್ದೇ. ಗಣಿತಕ್ಕೆ ಬಿದ್ದವನಿಗೆ ಗಣಿತ ಇಷ್ಟು ತಡವಾಗಿ ಇಷ್ಟವಾಯಿತು.

ಕಟ್ಟಿಗೆಯ ಕಾಲ ಮುಗಿದದ್ದು ಒಂದು ಆಜ್ಞೆಯಿಂದ ಎಂದರೆ ತುಸು ಉತ್ಪ್ರೇಕ್ಷೆ. ಅದು ಮೊದಲೇ ಸೊರಗಿತ್ತು. ಆದರೂ 1996ರ ಡಿಸೆಂಬರ್ 12 ನಮ್ಮ ಕಡೆಯವರು ಮರೆಯುವ ದಿನವಲ್ಲ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಡಿನೊಳಗಿನ ಪರವಾನಗಿಯಿಲ್ಲದ ಕೆಲಸ, ಗರಗಸದ ಮಿಲ್ಲು ಎಲ್ಲ ನಿಲ್ಲಿಸಿ ಎಂದಿತು. ಮರದ ದರ ಏರಿತು, ಸಿಗುವುದೂ ಕಷ್ಟವಾಯಿತು. ಕಾಡಿಗೆ ಅದು ಒಳ್ಳೆಯದೇ ಆಯಿತು, ನನಗೆ ದೂರಿಲ್ಲ. ಆದರೆ ಲಾರಿಯ ತಳ ಬದಲಾಯಿತು. ಜಂಬೆ ಸಿಗದಿದ್ದಾಗ ಬಾಡಿ ಕಟ್ಟುವವರು ಬೇರೆ ಹಗುರ ಮರ ಹಾಕಿ ನೋಡಿದರು, ಅದು ಖಾನಾಪುರದ ಎರಡು ಮಳೆಗೆ ಕೊಳೆಯಿತು. ಕೊನೆಗೆ ಹಲಗೆಯನ್ನೇ ಬಿಟ್ಟು ಕಬ್ಬಿಣದ ಕ್ರಾಸಿನ ಮೇಲೆ ನೇರ ಪತ್ರಾ ಹಾಸತೊಡಗಿದರು. ಅಷ್ಟು ವರ್ಷ ಅಟ್ಟೆಯಾಗಿದ್ದದ್ದು ಈಗ ತಾನೇ ಪಾದವಾಗಬೇಕಾಯಿತು. ಹದಿನಾರು ಗೇಜಿನ ಮಾತು ನಿಂತೇ ಹೋಯಿತು. 3.15 ಮಿಲಿಮೀಟರು, 4 ಮಿಲಿಮೀಟರು ಎನ್ನುವ ಹೊಸ ಮಾತು ಬಂತು. ಗೇಜಿನ ಬಿಲ್ಲೆಯ ಬದಲು ವರ್ನಿಯರ್ ಕೊಂಡೆ.

ಪತ್ರಾ ಬರುವ ದಾರಿಯೂ ಬದಲಾಯಿತು. ಮೊದಲು ಭಿಲಾಯಿ, ಬೊಕಾರೊ ಕಡೆಯ ಮಾಲು, ಸಿಕ್ಕಾಗ ಸಿಕ್ಕ ದಪ್ಪ. ತೊಂಬತ್ತರ ದಶಕದ ಕೊನೆಗೆ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯ ಸುರುಳಿಗಳು ಬರತೊಡಗಿದ ಮೇಲೆ ಬೆಳಗಾವಿಯಲ್ಲಿ ಬೇಕಾದ ದಪ್ಪ ಬೇಕಾದಾಗ ಸಿಗುವಂತಾಯಿತು. ಉದ್ಯಮಬಾಗದಲ್ಲಿ ಕತ್ತರಿಸುವ, ಮಡಿಸುವ ಯಂತ್ರಗಳು ಬಂದವು. ಛಿನ್ನಿ ಹಿಡಿದು ಅರ್ಧ ದಿನ ಬಡಿಯುತ್ತಿದ್ದ ಕೆಲಸ ಚಹಾ ಕುಡಿಯುವಷ್ಟರಲ್ಲಿ ಮುಗಿಯತೊಡಗಿತು. ಮಡಿಸುವ ಯಂತ್ರವನ್ನಂತೂ ನಾನು ಕೈಮುಗಿದು ನೋಡಿದ್ದೇನೆ. ಎರಡು ಮಿಲಿಮೀಟರಿನ ಪತ್ರಾಕ್ಕೆ ಗೇಣಿಗೊಂದರಂತೆ ಸಣ್ಣ ಮಡಿಕೆ ಕೊಟ್ಟರೆ ಅದು ಮೂರರ ಸಪಾಟು ಪತ್ರಾವನ್ನು ನಾಚಿಸುತ್ತದೆ. ಮಡಿಕೆ ಮೇಲೆದ್ದು ನಿಂತರೆ ಚೀಲ ಎಳೆಯಲು ತೊಡಕು, ಕೆಳಕ್ಕೆ ಇಳಿದರೆ ನೀರು ನಿಲ್ಲುತ್ತದೆ. ಆ ಜಗಳ ಇನ್ನೂ ಮುಗಿದಿಲ್ಲ.

ಅಂಗಡಿಯಲ್ಲಿ ಎರಡು ಎಂದು ಬರೆದಿದ್ದೆಲ್ಲ ಎರಡಲ್ಲ ಎಂಬುದೂ ಆಗ ತಿಳಿಯಿತು. ಎಂಟು-ನಾಲ್ಕರ ಹಾಳೆ ಒಂದು ಮಿಲಿಮೀಟರಿಗೆ 23 ಕಿಲೊಗೆ ತುಸು ಮೇಲೆ ತೂಗಬೇಕು, ಎರಡರದು 46ರಿಂದ 47. ತಕ್ಕಡಿಯಲ್ಲಿ 42 ಬಂದರೆ ನಿಮ್ಮ ಕೈಯಲ್ಲಿರುವುದು 1.8. ಹೊಸ ಹುಡುಗರಿಗೆ ನಾನು ಇದನ್ನೇ ಮೊದಲು ಹೇಳುವುದು: ಅಂಚನ್ನು ಅಳೆಯಬೇಡ, ಅಂಚು ಕತ್ತರಿಯ ಬಾಯಲ್ಲಿ ಮಡಿದು ದಪ್ಪ ತೋರಿಸುತ್ತದೆ, ಇಡೀ ಹಾಳೆ ತೂಕ ಹಾಕು.

ಆಮೇಲೆ ಬಂದದ್ದು ಅದಿರಿನ ಕಾಲ. 2003-04ರಿಂದ ಸಂಡೂರು, ಹೊಸಪೇಟೆಯ ಕೆಂಪು ಮಣ್ಣು ಚೀನಾಕ್ಕೆ ಹೋಗುವ ಹಡಗು ಹುಡುಕಿಕೊಂಡು ಕರಾವಳಿಗೆ ಇಳಿಯತೊಡಗಿತು. ಬೇಲೆಕೇರಿಗೆ ಹೋಗುವುದು ಅಂಕೋಲಾದ ದಾರಿ. ಗೋವಾಕ್ಕೆ ಹೋಗುವುದು ಲೋಂಡಾ, ರಾಮನಗರ, ಅನಮೋಡ ಘಟ್ಟದ ದಾರಿ. ಆ ದಾರಿಯಲ್ಲಿ ಕೆಟ್ಟು ನಿಂತದ್ದರಲ್ಲಿ ಕೆಲವು ನನ್ನ ಶೆಡ್ಡಿಗೂ ಬರುತ್ತಿದ್ದವು. ಹತ್ತು ಗಾಲಿಯ ಗಾಡಿಗಳು, ಮೈಯೆಲ್ಲ ಕೆಂಪು, ಡ್ರೈವರನ ರೆಪ್ಪೆಯೂ ಕೆಂಪು. ಅದಿರು ಹೇರುವಾಗ ಯಂತ್ರದ ಬಕೆಟ್ಟು ಎತ್ತರದಿಂದ ಸುರಿಯುತ್ತದೆ. ಮೊದಲ ಬಕೆಟ್ಟಿನ ಹೊಡೆತವನ್ನು ಬರಿಯ ತಳವೇ ತಿನ್ನಬೇಕು. 3.15ರ ಪತ್ರಾ ಎರಡು ಕ್ರಾಸುಗಳ ನಡುವೆ ಹೊಟ್ಟೆ ಬಿಟ್ಟುಕೊಂಡು ತೊಟ್ಟಿಲಾಗಿ ಬರುತ್ತಿತ್ತು. 5 ಹಾಕಿ ಅಂದರು, ಹಾಕಿದೆವು. 6 ಹಾಕಿ ಅಂದರು, ಅದನ್ನೂ ಹಾಕಿದೆವು. ಎಷ್ಟು ಕಿಲೊ ಹೆಚ್ಚಾಗುತ್ತದೆ ಎಂದು ಆಗ ಯಾರೂ ಕೇಳಲಿಲ್ಲ. ಹೆಚ್ಚಿನ ಹೇರು ತಡೆಯಬೇಕೆಂದು ಸುಪ್ರೀಂ ಕೋರ್ಟು 2005ರ ನವೆಂಬರಿನಲ್ಲೇ ಹೇಳಿತ್ತು. ಘಟ್ಟದ ದಾರಿಯ ಟಾರು ನೋಡಿದರೆ ಅದನ್ನು ಯಾರು ಕೇಳಿಸಿಕೊಂಡಿದ್ದರೆಂದು ತಿಳಿಯುತ್ತಿತ್ತು.

ಆ ಏಳೆಂಟು ವರ್ಷ ನಾನು ರೊಕ್ಕ ಕಂಡೆ, ಸುಳ್ಳು ಹೇಳುವುದಿಲ್ಲ. ಮಿಗ್ ವೆಲ್ಡಿಂಗ್ ಕೊಂಡೆ, ಶೆಡ್ಡಿಗೆ ಸಿಮೆಂಟಿನ ನೆಲ ಮಾಡಿಸಿದೆ. ಆದರೆ ಕಲಿತ ವಿದ್ಯೆಗೆ ಆಗ ಕೆಲಸವೇ ಇರಲಿಲ್ಲ. ಬಡಿದು ನೋಡುವುದಿಲ್ಲ, ಗೆರೆ ಎಳೆಯುವುದಿಲ್ಲ, ಹಳೆಯದನ್ನು ಕೇಳುವುದಿಲ್ಲ. ಇಡೀ ತಳ ಕೊಯ್ದು ಬಿಸಾಕು, ಐದರ ಚೆಕರ್ ಪ್ಲೇಟು ಹಾಕು, ರಾತ್ರಿಯೊಳಗೆ ಗಾಡಿ ಬಿಡು. ಹಾಗೆ ಬಿಟ್ಟ ಗಾಡಿಗಳಲ್ಲಿ ಕೆಲವು ವರ್ಷದೊಳಗೆ ಕ್ರಾಸು ಸೀಳಿಕೊಂಡು ಬಂದವು. ತಳ ಹಾಗೇ ಇತ್ತು. ನನ್ನ ಕ್ಲಚ್ಚಿನಡಿಯ ತೇಪೆಯೇ ಲಾರಿಯಷ್ಟು ದೊಡ್ಡದಾಗಿ ಎದುರಿಗೆ ನಿಂತಂತೆ ಆಗುತ್ತಿತ್ತು. ಒಬ್ಬ ಸಾವಕಾರರಿಗೆ, “ಪ್ಲೇಟ್ ಐದು ಹಾಕಿದ್ರ ಕ್ರಾಸೂ ದಪ್ಪ ಮಾಡಬೇಕ್ರಿ, ಇಲ್ಲಾಂದ್ರ ಹೊರಾಕ ಆಗೂದಿಲ್ಲ” ಅಂದೆ. “ಗಾಡಿ ಎರಡು ವರ್ಷ ಓಡಿದ್ರ ಸಾಕೋ ಮಿಸ್ತ್ರಿ” ಅಂದರು. ಅವರ ಲೆಕ್ಕ ಅವರಿಗೆ ಸರಿ ಇತ್ತು.

2011ರ ಜುಲೈನಲ್ಲಿ ಬಳ್ಳಾರಿಯ ಗಣಿ ನಿಂತಿತು, ಮರುವರ್ಷ ಅಕ್ಟೋಬರಿನಲ್ಲಿ ಗೋವಾದ್ದೂ ನಿಂತಿತು. ಸಾಲ ಕಟ್ಟಲಾಗದ ಗಾಡಿಗಳು ರಸ್ತೆಯ ಬದಿಗೆ ಹುಲ್ಲಿನಲ್ಲಿ ನಿಂತವು. ಕೆಲವನ್ನು ಗುಜರಿಯವರು ನನ್ನ ಶೆಡ್ಡಿನ ಎದುರೇ ಕೊಯ್ದರು.

ಈಗ ಕಟ್ಟಿದ ಬಾಡಿಯೇ ಕಂಪನಿಯಿಂದ ಬರುತ್ತದೆ. ಟಿಪ್ಪರುಗಳ ತಳಕ್ಕೆ ಎಂಥದೋ ಗಟ್ಟಿ ಉಕ್ಕು, ನಮ್ಮ ಡ್ರಿಲ್ಲು ಅದರ ಮೇಲೆ ಜಾರಿ ಕೂಗುತ್ತದೆ. 2018ರ ಜುಲೈನಿಂದ ಎರಡು ಆಕ್ಸಲಿನ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5ಕ್ಕೆ ಏರಿತು. ಹಾಗಾದರೆ ದಪ್ಪ ಪತ್ರಾ ಹಾಕಿಸುತ್ತಾರೇನೋ ಅಂದುಕೊಂಡೆ. ಆದದ್ದು ಬೇರೆ. ಕಾಟಾ, ಕ್ಯಾಮೆರಾ ಬಂದ ಮೇಲೆ ಬಾಡಿಯ ಒಂದೊಂದು ಕಿಲೊ ಕೂಡ ಬಾಡಿಗೆಯಿಂದ ಕಳೆಯುವ ಕಿಲೊ ಎಂದು ಮಾಲಕರು ಕಲಿತರು. ಮೂರು ಬೇಡ, ಎರಡೂವರೆ ಹಾಕು, ಅಡಿಯಲ್ಲಿ ಆ್ಯಂಗಲ್ ಕೊಡು ಅನ್ನುತ್ತಾರೆ. ಕಾಕಾನ ಮಾತು ಸಾವಕಾರರ ಬಾಯಲ್ಲಿ.

ಬೆಳಗಾವಿ-ಖಾನಾಪುರ ರಸ್ತೆ ನಾಲ್ಕು ಪಥವಾಗಿದೆ. ಎರಡೂ ಬದಿಯ ಮರ ಹೋದವು, ಗಣೇಬೈಲಿನಲ್ಲಿ ಟೋಲು ಬಂದಿದೆ. ಬಾಡಿಯ ಕೆಲಸ ಬಹಳಷ್ಟು ಬೆಳಗಾವಿಯ ಆಟೋನಗರದ ಪಾಲಾಗಿದೆ. ನನ್ನ ಹತ್ತಿರ ಬರುವುದು ಹಳೆಯ 407ಗಳು, ಜಾಂಬೋಟಿ ಕಡೆಯ ಗೋಡಂಬಿ, ಭತ್ತ ಹೇರುವ ಸಣ್ಣ ಗಾಡಿಗಳು. ಹದಿನೈದು ವರ್ಷ ದಾಟಿದವು, 2021ರ ಸ್ಕ್ರ್ಯಾಪ್ ನೀತಿಯ ಹೆದರಿಕೆಯಲ್ಲಿ ಪಾಸಿಂಗಿಗೆ ಹೋಗುವ ಮೊದಲು ತಳ ಸರಿ ಮಾಡಿಸಿಕೊಳ್ಳುವಂಥವು. ಹೋದ ತಿಂಗಳು ಒಬ್ಬ ಹುಡುಗ ಮೊಬೈಲಿನಲ್ಲಿ ಗೇಜಿನ ಪಟ್ಟಿ ತೆಗೆದು ತೋರಿಸಿ, “ಕಾಕಾ, ಅಮೇರಿಕಾದ ಹದಿನಾರು ಬ್ಯಾರೆ, ನಮ್ಮ ಹದಿನಾರು ಬ್ಯಾರೆ ಐತಿ ನೋಡ್ರಿ” ಅಂದ. ಹೌದು, ಅವರದು 1.52, ನಮ್ಮದು 1.63. ಅವನ ಗಾಡಿಯ ತಳ ಬಡಿದೆ. ಎಡಗಾಲಿಯ ಮೇಲಿನ ಕ್ರಾಸಿನ ಗುಂಟ ದಬ್, ಉಳಿದೆಡೆ ಟಣ್. ಗಾಲಿ ಚಿಮ್ಮಿಸಿದ ಮಣ್ಣು ಕ್ರಾಸಿನ ಹೆಗಲ ಮೇಲೆ ಕೂತು ವರ್ಷವಿಡೀ ಹಸಿ ಇಟ್ಟುಕೊಳ್ಳುವ ಜಾಗ ಅದು, ಯಾವ ಗಾಡಿಯಲ್ಲೂ ಮೊದಲು ಸಾಯುವುದು ಅದೇ. ಬ್ಯಾಟರಿಯ ತಂತಿ ಬಿಚ್ಚಿಸಿ, ಡೀಸೆಲ್ ಟಾಕಿಯ ಮೇಲೆ ಒದ್ದೆ ಗೋಣಿ ಹೊದಿಸಿ, ಎರಡರ ತುಂಡನ್ನು ಬಸಿ ಇಟ್ಟು ಮೂಲೆ ದುಂಡು ಮಾಡಿ ಹಚ್ಚಿದೆ. ಮಣ್ಣು ಜಾರಿ ಬೀಳಲೆಂದು ಕ್ರಾಸಿನ ಮೇಲೆ ಇಳಿಜಾರು ಪಟ್ಟಿ ಕೊಟ್ಟೆ. ಅದಕ್ಕೆ ಅವನು ರೊಕ್ಕ ಕೊಡಲು ತಕರಾರು ಮಾಡಿದ, ಮೊಬೈಲಿನ ಪಟ್ಟಿಯಲ್ಲಿ ಅದು ಇರಲಿಲ್ಲವಲ್ಲ.

ನನ್ನ ಶೆಡ್ಡಿನ ಮುಂದೆ ಗಟಾರವಿದೆ. ಅದನ್ನು ದಾಟಲು ಅದಿರಿನ ಗಾಡಿಯಿಂದ ಕೊಯ್ದ ಐದರ ಚೆಕರ್ ಪ್ಲೇಟೊಂದನ್ನು ಹಾಸಿದ್ದೇನೆ. ಅದರ ಮೇಲೆ ಸ್ಕೂಟರು ನಿಲ್ಲಿಸುತ್ತಾರೆ, ಸಂತೆಯ ದಿನ ಮುದುಕಿಯರು ಸೊಪ್ಪು ಹರಡಿ ಕೂಡುತ್ತಾರೆ. ಹನ್ನೆರಡು-ಹದಿಮೂರು ಮಳೆಗಾಲ ಕಳೆದರೂ ಎಲ್ಲಿ ಬಡಿದರೂ ಟಣ್ ಅನ್ನುತ್ತದೆ. ಜೂನಿನ ಮೊದಲ ಜೋರು ಮಳೆಗೆ ಅದರ ಗೆರೆಗಳ ಸಂದಿಯಿಂದ ಒಂದಿಷ್ಟು ಕೆಂಪು ನೀರು ಇಳಿದು ಗಟಾರಕ್ಕೆ ಸೇರುತ್ತದೆ. ಅದು ಸಂಡೂರಿನ ಅದಿರೋ, ಪ್ಲೇಟಿನದೇ ಜಂಗೋ ಎಂದು ತಂಗಿಯ ಮಗನನ್ನು ಕೇಳಿದೆ. ಎರಡೂ ಹೆಚ್ಚುಕಡಿಮೆ ಒಂದೇ ಮಾಮಾ ಅಂದ.